ಹೆಸರೊಂದೇ ಉಳಿದ ರಾಜ

ಟೋಸ್ಟರಿನಲ್ಲಿ ಬ್ರೆಡ್ಡು ಸೀದ ವಾಸನೆ ಬಂದರೆ ನನಗೆ ಸ್ಲೆಡ್ ನೆನಪಾಗುತ್ತಾನೆ. ಯಾರಪ್ಪಾ ಇವನು ಎನ್ನುತ್ತೀರಿ. ಸಾವಿರದ ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಪೂರ್ವದ ಎಸೆಕ್ಸ್ ಎಂಬಲ್ಲಿ ಆಳಿದ ರಾಜ. ಅವನನ್ನು ನನಗೆ ಗಂಟುಹಾಕಿದವರು ಎಪ್ಪತ್ತರ ದಶಕದಲ್ಲಿ ಅಮೆರಿಕದ ಮೆಟುಚೆನ್ನಿನ ನಮ್ಮ ಅಪಾರ್ಟ್‌ಮೆಂಟಿನ ಮೇಲ್ಮಹಡಿಯಲ್ಲಿದ್ದ ವೆಂಕೋಬರಾಯರು. ಧಾರವಾಡದವರು, ಒಂಟಿ ಜೀವ, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು.

ಭಾನುವಾರ ಟೋಸ್ಟ್ ತಿನ್ನಲು ಕರೆಯುವರು. ಬ್ರೆಡ್ಡು ಕಂಡರೆ ಸಾಕು, ಸ್ಲೆಡ್‌ನ ಮೊಮ್ಮಕ್ಕಳ ಕಥೆ ಶುರು. ತಮ್ಮಪ್ಪ ಸತ್ತ ಮೇಲೆ ಅವರು ಚರ್ಚಿಗೆ ನುಗ್ಗಿ, ನಮ್ಮಪ್ಪನಿಗೆ ಕೊಡುತ್ತಿದ್ದ ಪ್ರಸಾದದ ಬಿಳಿ ರೊಟ್ಟಿ ನಮಗೂ ಕೊಡು ಎಂದು ಬಿಷಪ್ಪನ ಬೆನ್ನುಹತ್ತಿದರಂತೆ. ಕ್ರೈಸ್ತ ದೀಕ್ಷೆಯಿಲ್ಲದೆ ಕೊಡೆನೆಂದ ಬಿಷಪ್ಪನನ್ನು ಊರಿಂದಲೇ ಓಡಿಸಿದರಂತೆ. ಆ ವಂಶದ ಹೆಸರುಗಳೆಲ್ಲ ಹೆಚ್ಚುಕಡಿಮೆ 'ಸ'ದಿಂದಲೇ ಶುರುವಂತೆ, ರಾಯರಿಗೆ ಕಂಠಪಾಠ. ನಾನು ತೂಕಡಿಸುತ್ತ ಹೂಂಗುಟ್ಟುತ್ತಿದ್ದೆ.

ಒಂದು ಚಳಿಗಾಲ ಅವರ ತಂದೆ ಊರಲ್ಲಿ ತೀರಿಕೊಂಡರು. ವೀಸಾ ತೊಡಕಿನಿಂದ ರಾಯರಿಗೆ ಹೋಗಲಾಗಲಿಲ್ಲ. ಆ ನೋವು ಅವರನ್ನು ತಿಂದುಹಾಕಿತು. ವರ್ಷದ ಶ್ರಾದ್ಧವನ್ನಾದರೂ ನೆಟ್ಟಗೆ ಮಾಡಬೇಕೆಂದು ಹಟ ಹಿಡಿದರು. ಆಗ ಇಲ್ಲಿ ಪುರೋಹಿತರೆಲ್ಲಿ? ಸೀಕಾಕಸ್‌ನ ಗೋದಾಮಿನಲ್ಲಿ ಕನ್ವೇಯರ್ ರಿಪೇರಿ ಮಾಡುವ ನಾನೇ ಪುರೋಹಿತ. ಪುಸ್ತಕ ಬಿಡಿಸಿಕೊಂಡು, ತಪ್ಪೋ ಒಪ್ಪೋ, ಮಂತ್ರ ಓದಿದೆ.

ತಂದೆಯ ಹೆಸರು ಹೇಳಿ ಎಳ್ಳುನೀರು ಬಿಟ್ಟರು. ಅಜ್ಜನ ಹೆಸರೂ ಹೇಳಿದರು. ಮುತ್ತಜ್ಜನ ಹೆಸರು ಹೇಳಿ ಎಂದೆ. ರಾಯರ ಬೊಗಸೆಯ ನೀರು ಸೋರಿ ಕಾರ್ಪೆಟ್ಟಿಗೆ ಇಳಿಯಿತು. ಬರೀ ಪ್ರಪಿತಾಮಹ ಅಂದರೂ ನಡೆಯುತ್ತದೆ ಎಂದು ನಾನು ಪುಸ್ತಕ ತೋರಿಸಿದೆ.

"ಬರೇ ಸಂಬಂಧ ಹೇಳಿ ಕರದ್ರ ಯಾರ ಮುತ್ತಜ್ಜ ಬರ್ತಾನ?" ಎಂದರು.

ಆಮೇಲೆ ಹೇಳುತ್ತಲೇ ಹೋದರು. ಮುತ್ತಜ್ಜ ಎಡಗಾಲು ಎಳೆಯುತ್ತಿದ್ದ, ಬೆಲ್ಲ ಕದ್ದು ತಿನ್ನುತ್ತಿದ್ದ, ಸಿಟ್ಟು ಬಂದರೆ ಬಾವಿಕಟ್ಟೆಯ ಮೇಲೆ ಹೋಗಿ ಮಲಗುತ್ತಿದ್ದ. ಎಲ್ಲ ಅಪ್ಪ ಹೇಳಿದ್ದು. ಮನೆಯಲ್ಲಿ ಎಲ್ಲರಿಗೂ ಅವನು ದೊಡ್ಡಜ್ಜ. ಹೆಸರು ಗೊತ್ತಿದ್ದದ್ದು ಅಪ್ಪ ಒಬ್ಬರಿಗೇ.

"ಸ್ಲೆಡ್‌ಂದು ಹೆಸರೊಂದ ಉಳದದ, ಮತ್ತೇನೂ ಇಲ್ಲ. ನಮ್ಮ ಮುತ್ತಜ್ಜಂದು ಎಲ್ಲಾ ಉಳದದ, ಹೆಸರೊಂದ ಇಲ್ಲ. ಆ ರಾಜನ ಹಿಂದ ತಿರಗಿದೆ, ಅಪ್ಪನ್ನ ಒಂದ ಮಾತು ಕೇಳಲಿಲ್ಲ," ಎಂದು ಅತ್ತರು. ಮೂರನೆಯ ಪಿಂಡ ಹಾಗೆಯೇ ಉಳಿಯಿತು.

ಆಮೇಲೆ ಭಾನುವಾರದ ಟೋಸ್ಟ್ ನಿಂತಿತು. ರಾಯರು ಬರೆಯುತ್ತಿದ್ದ ಸ್ಲೆಡ್ ಮೇಲಿನ ಪುಸ್ತಕವೂ ಅರ್ಧಕ್ಕೇ ನಿಂತಿತು. ಕೆಲ ವರ್ಷಗಳಲ್ಲಿ ರಾಯರೂ ಹೋದರು. ಹಿಂದೆ ಮುಂದೆ ಯಾರೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಮೊಮ್ಮಗಳಿಗೆ ಸೀದ ಟೋಸ್ಟ್ ಕೆರೆದು ಬೆಣ್ಣೆ ಹಚ್ಚುತ್ತ, ನನ್ನ ಹೆಸರೇನು ಹೇಳು ನೋಡೋಣ ಎಂದೆ. ತಾತ ಎಂದಳು. ಅದಲ್ಲ, ಹೆಸರು ಎಂದೆ.

"ಬಟ್ ದಟ್ ಈಸ್ ಯುವರ್ ನೇಮ್," ಎಂದಳು.

ಚಾಕು ಕೆಳಗಿಟ್ಟು ಅವಳೆದುರು ಕೂತೆ. ನನ್ನ ಹೆಸರು ಹೇಳಿಸಿದೆ, ನನ್ನಪ್ಪನದು, ಅಜ್ಜನದು. ಅಲ್ಲಿಗೆ ನನ್ನ ಬಂಡವಾಳವೂ ಮುಗಿಯಿತು. ಕೊನೆಗೆ ವೆಂಕೋಬರಾಯ ಎಂದು ಹೇಳಿಸಿದೆ. ನಾಲಿಗೆ ಹೊರಳದೆ ತಡವರಿಸಿದಳು.

"ಹೂ ಈಸ್ ಹಿ, ತಾತ?"

"ಆ ಹೆಸರು ಹೇಳೋಕೆ ಬೇರೆ ಯಾರೂ ಇಲ್ಲ, ಪುಟ್ಟಿ. ಇನ್ನೊಂದ್ಸಲ ಹೇಳು."