ಬಡ್ಡಿಯಿಲ್ಲದ ಸಾಲ ಬಿಟ್ಟು ಬಂದೆ

ಸ್ನೇಹಿತರೇ, ಬಡ್ಡಿಯೇ ಬೇಡ ಎನ್ನುವವರನ್ನು ಕಂಡರೆ ನನ್ನ ಕೈ ತಾನಾಗಿ ಕಿಸೆ ಮುಟ್ಟಿ ನೋಡಿಕೊಳ್ಳುತ್ತದೆ. ಮಗಳು ಸುಮಾಗೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಬೇಗ ಫೀಸು ಕಟ್ಟದಿದ್ದರೆ ಸೀಟು ಹೋಗುತ್ತದೆ. ನನ್ನ ಬಲೆ-ಹಗ್ಗದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಅಷ್ಟು ತ್ರಾಣವಿಲ್ಲ. ಹಾಗಾಗಿ ಇವತ್ತು ಅವಳನ್ನೂ ಕರೆದುಕೊಂಡು, ಸಾಲ ಕೊಡುವವರನ್ನು ಪರೀಕ್ಷಿಸಲು ಹೊರಟೆ.

ಹೊನ್ನಾವರದ ಬೋಟಿನ ಮಾಲೀಕ ಹೊನ್ನಪ್ಪ ಸಾಹುಕಾರ್ರು ಚಾ ತರಿಸಿದರು. "ನಮ್ಮ ಮಗಳಿದ್ದಂಗೆ. ಬಡ್ಡಿ ಗಿಡ್ಡಿ ಎಂತದೂ ಬ್ಯಾಡ, ಓದ್ಲಿ."

"ಫೇಲಾದ್ರೆ?" ಎಂದೆ.

"ಆದ್ರೆ ಆತು! ಸಾಲ ತೀರೂವರೆಗೆ ನಮ್ಮ ಐಸ್ ಫ್ಯಾಕ್ಟರಿ ಲೆಕ್ಕ ಬರೀಲಿ."

ಮುಂಗಡ ಕೊಟ್ಟು ಮೀನುಗಾರರನ್ನು ವರ್ಷಗಟ್ಟಲೆ ತಮ್ಮ ಬೋಟಿಗೇ ಕಟ್ಟಿಕೊಳ್ಳುವುದು ಅವರ ಕ್ರಮ. ಚಾ ಮಾತ್ರ ಕುಡಿದು ಎದ್ದೆ.

ಕುಮಟೆಯ ಬ್ಯಾಂಕಿನ ಮ್ಯಾನೇಜರು ಬಡ್ಡಿ ಹೇಳಿದರು, ಜಾಮೀನು ಕೇಳಿದರು, ಅಂಗಡಿಯ ಕಾಗದಪತ್ರವನ್ನೂ ಕೇಳಿದರು. ಚಾ ಕೊಡಲಿಲ್ಲ. ಅವರಿಗೂ ಅದೇ ಪ್ರಶ್ನೆ ಹಾಕಿದೆ.

ಅವರ ಮುಖ ಬಿಳಿಚಿಕೊಂಡಿತು. "ಫೇಲಾ? ಹಂಗೆಲ್ಲ ಹೇಳ್ಬೇಡಿ ಮಾರಾಯ್ರೆ! ಮೇಲಿನವ್ರಿಗೆ ನಾ ಎಂತ ಉತ್ತರ ಬರೀಲಿ? ತಂಗಿ, ಗಣಿತ ಹ್ಯಾಂಗದೆ? ವರ್ಷ ವರ್ಷ ಮಾರ್ಕ್ಸ್ ಕಾರ್ಡ್ ತಂದು ನಂಗೆ ತೋರಿಸ್ಬೇಕು."

ಅಲ್ಲೇ ಅರ್ಜಿಗೆ ಸಹಿ ಹಾಕಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸುಮಾ ಸಿಡುಕಿದಳು. "ಅಪ್ಪಾ, ಬಡ್ಡಿ ಇಲ್ದೆ ಕೊಡೋರನ್ನ ಬಿಟ್ಟು ಇವ್ರನ್ನ ಯಾಕೆ ಹಿಡ್ದೆ?"

ನೀನು ಪಾಸಾಗಬೇಕಲ್ಲ ಎಂದು ನನ್ನಷ್ಟೇ ಹೆದರುವ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬ ಸಿಕ್ಕಿದ್ದಾನೆ ಮಗಳೇ, ಎಂದು ಮನಸ್ಸಿನಲ್ಲೇ ಅಂದೆ. ಅಂಥವನಿಗೆ ಬಡ್ಡಿ ಕೊಟ್ಟರೆ ನನಗೇನೂ ನಷ್ಟವಿಲ್ಲ.