ತೋಳೆತ್ತಿ ತೋರಿಸಿ ಎನ್ನುವ ವೈರಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕಿತ್ತಳೆ ಬಣ್ಣದ ವೈರೊಂದು ನೆಲದ ಮೇಲೆ ಮಲಗಿದೆ. ಅದರ ಪಕ್ಕದಲ್ಲೇ ಬಗ್ಗಿ ನಡೆಯುತ್ತಿರುವ ಹೆಂಗಸು ಎಡಗೈಯಲ್ಲಿ ವೈರನ್ನು ಎತ್ತಿ, ಬಲಗೈಯ ಒಣಬಟ್ಟೆಯೊಳಗೆ ಹಾಯಿಸಿ, ಮತ್ತೆ ಮೆಲ್ಲಗೆ ನೆಲಕ್ಕಿಡುತ್ತಾರೆ. ಆಗಾಗ ನಿಂತು, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಬರಿಯ ಹೆಬ್ಬೆರಳಿನಿಂದ ತಡವುತ್ತಾರೆ. ಕಣ್ಣಿಗೆ ಕಾಣದ ಸೀಳು ಬೆರಳಿಗೆ ಸಿಗುತ್ತದಂತೆ. ಹಾಲಿನ ಗಾಡಿಯವನು ಬಂದು ವೈರಿನ ಮುಂದೆ ನಿಂತು ಕಾಯುತ್ತಾನೆ.

“ಏನಕ್ಕಾ, ಹಾವಿಗೆ ಸ್ನಾನ ಆಯ್ತಾ?”

“ಸ್ನಾನ ಆಯ್ತಪ್ಪ, ಮೈ ಒರೆಸ್ತಾ ಇದೀನಿ. ಒಂದು ನಿಮಿಷ ತಡಿ, ನಿನ್ನ ಹಾಲೇನು ಒಡೆದು ಹೋಗಲ್ಲ.”

“ಒಡೆದ್ರೆ ನಿಮ್ಮ ಮನೆಗೇ ಹಾಕ್ತೀನಿ.”

“ಹಾಕು, ಹಾಕು. ನಿನ್ನ ಹಾಲು ಒಡೆಯೋಕೂ ಅದರಲ್ಲಿ ಹಾಲು ಇರಬೇಕಲ್ಲ!”

ಈ ಭಾಗದ ಜನ ಆಕೆಯನ್ನು ವೈರಕ್ಕ ಎಂದೇ ಕರೆಯುತ್ತಾರೆ. ಕೆಟ್ಟ ಎಕ್ಸ್‌ಟೆನ್ಷನ್ ಬೋರ್ಡು, ಸೀಳಿದ ವೈರು, ಸುತ್ತಿಕೊಳ್ಳಲು ಮರೆತ ರೀಲು ಇವುಗಳನ್ನು ಸರಿ ಮಾಡುವುದು ಅವರ ಕಸುಬು. ಅಂಗಡಿ ಎಂದರೆ ಒಂದು ಕಾರು ನಿಲ್ಲುವಷ್ಟು ಅಗಲದ ಕೋಣೆ. ಗೋಡೆಯ ಮೊಳೆಗಳಿಗೆ ವೈರಿನ ಸುರುಳಿಗಳು, ನೆಲದ ಮೇಲೆ ಬಾಯಿ ತೆರೆದ ರೀಲುಗಳು. ಅಲ್ಲಿ ವೈರನ್ನು ಉದ್ದಕ್ಕೆ ಚಾಚಲು ಜಾಗವಿಲ್ಲ. ಹಾಗಾಗಿ ವಾಹನಗಳು ಏಳುವ ಮೊದಲು ಓಣಿಯೇ ಅವರ ಕೆಲಸದ ಮೇಜು. ಕೋಣೆಯ ಹಿಂಬದಿಯಲ್ಲೇ ಮನೆ. ಗಂಡ ರಾತ್ರಿ ಬಸ್ಸು ಓಡಿಸಿ ಬೆಳಿಗ್ಗೆ ಬಂದು ಮಲಗುವುದರಿಂದ ಸುತ್ತಿಗೆಯ ಕೆಲಸವೆಲ್ಲ ಮಧ್ಯಾಹ್ನದ ಮೇಲೆ. “ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಜಗಳ ಆಡಿದ್ದೇ ಕಮ್ಮಿ. ಒಬ್ಬರು ಎದ್ದಿದ್ರೆ ಇನ್ನೊಬ್ಬರು ನಿದ್ದೆ,” ಎಂದು ನಗುತ್ತಾರೆ.

ಇವತ್ತು ಓಣಿಯಲ್ಲಿ ಮೈ ಒರೆಸಿಕೊಳ್ಳುತ್ತಿರುವುದು ದುಬಾರಿ ರೀಲಿನ ವೈರು. ಗ್ಯಾರೇಜಿನ ಛಾವಣಿಗೆ ತೂಗುಹಾಕುವಂಥದು. ಎಳೆದರೆ ಬರುತ್ತದೆ, ಬೇಕಾದಲ್ಲಿ ಕಟಕ್ಕೆಂದು ಹಿಡಿದು ನಿಲ್ಲುತ್ತದೆ, ಇನ್ನೊಂದಿಷ್ಟು ಎಳೆದು ಬಿಟ್ಟರೆ ತಾನಾಗಿಯೇ ಒಳಗೆ ಸುತ್ತಿಕೊಳ್ಳುತ್ತದೆ. ಎಷ್ಟು ವಿದ್ಯುತ್ತು ಹರಿಯುತ್ತಿದೆಯೆಂದು ಫೋನಿನಲ್ಲಿ ತೋರಿಸುತ್ತಿತ್ತಂತೆ. ತಯಾರಿಸಿದವರು ಆ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಮೊದಲಿನ ಯಜಮಾನರು ಬೇಸತ್ತು ಮೂಲೆಗೆಸೆದಿದ್ದರು. ವೈರಕ್ಕ ಅದನ್ನು ಕೇಳಿ ತಂದು, ಮುರಿದ ಸ್ಪ್ರಿಂಗನ್ನು ಬದಲಿಸಿ, ಒಳಗಿನ ಧೂಳು ತೆಗೆದು ಸಿದ್ಧ ಮಾಡಿದ್ದಾರೆ. ಇವತ್ತು ಅದು ಅವರ ಅಣ್ಣನ ಗ್ಯಾರೇಜಿಗೆ ಹೋಗಬೇಕು.

“ಹಾಕಿಬರೋದು ನನ್ನ ಕೈಲಿದೆ. ಅಣ್ಣ ಆ ಬಾಗಿಲು ದಾಟಿ ಒಳಗೆ ಬರ್ತಾನೋ ಇಲ್ವೋ, ಅದು ದೇವರ ಕೈಲಿದೆ,” ಎನ್ನುತ್ತಾರೆ.

ಅಣ್ಣ ಬಡಗಿ. ಮನೆಯ ಗ್ಯಾರೇಜಿನಲ್ಲಿ ಕಾರಿನ ಬದಲು ಕೆಲಸದ ಬೆಂಚು ಇಟ್ಟುಕೊಂಡು ಕುರ್ಚಿ, ಕಪಾಟು, ತೊಟ್ಟಿಲು ಮಾಡಿದವರು. ತಂಗಿಗೆ ಈ ವಿದ್ಯೆ ಹೇಳಿಕೊಟ್ಟವರೂ ಅವರೇ. ತಂದೆ ತೀರಿಕೊಂಡು ಮನೆಯಲ್ಲಿ ಕೈ ಬಿಗಿಯಾದಾಗ, ಶಾಲೆ ಬಿಟ್ಟು ಕೂತಿದ್ದ ತಂಗಿಯ ಮುಂದೆ ಸುಟ್ಟುಹೋದ ರೀಲೊಂದನ್ನು ಇಟ್ಟು ಬಿಚ್ಚು ಎಂದರಂತೆ. ಅವರು ಕಲಿಸಿದ ಮೊದಲ ಪಾಠ, ರೀಲಿನಿಂದ ದೊಡ್ಡ ಮೆಷಿನ್ ಓಡಿಸುವಾಗ ವೈರನ್ನೆಲ್ಲ ಹೊರಗೆಳೆಯಬೇಕು ಎಂಬುದು. ಸುತ್ತಿಕೊಂಡೇ ಇರುವ ವೈರಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಒಂದರ ಮೇಲೊಂದು ಬೇಯುತ್ತದೆ.

“ಒಂದು ಸಲ ನಾನು ಅರ್ಧ ಎಳೆದು ಬಿಟ್ಟಿದ್ದೆ. ಎಂಥಾ ಬೈಗುಳ ಅಂತೀರಿ! ಹೊದ್ದುಕೊಂಡು ಒಲೆ ಮುಂದೆ ಕೂತ್ಕೊ, ಆಗ ಗೊತ್ತಾಗುತ್ತೆ ಅಂದ. ಅಣ್ಣ ಬೈದೇ ಕಲಿಸಿದ್ದು ನನಗೆ. ಬೈದ ಮೇಲೆ ತಾನೇ ಹೋಗಿ ಬಿಸ್ಕತ್ತು ತರೋನು.”

ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. ಮನೆಯ ಗ್ಯಾರೇಜಿಗೆ ಅಷ್ಟು ದುಬಾರಿ ರೀಲು ಬೇಕೆ? ಇವತ್ತು ಬೆಳಿಗ್ಗೆಯೂ ನೀಲಿ ಕಾರಿನ ಗೃಹಸ್ಥರೊಬ್ಬರು ಬಂದು ಫೋನಿನಲ್ಲಿ ಚಿತ್ರ ತೋರಿಸುತ್ತಾರೆ.

“ವೈರಕ್ಕ, ಇದು ತಗೊಳ್ಳಲಾ? ಬಣ್ಣ ಬಣ್ಣದ ದೀಪ ಎಲ್ಲಾ ಇದೆ.”

“ಮೊದಲು ತೋಳೆತ್ತಿ ತೋರಿಸಿ.”

“ಏನು?”

“ತೋಳು ಸಾರ್, ತೋಳು. ತಲೆ ಮೇಲಕ್ಕೆ ಎತ್ತಿ. ಹ್ಞಾ. ಈಗ ಬಗ್ಗಿ ನೆಲ ಮುಟ್ಟಿ.”

ಗೃಹಸ್ಥರು ಮುಜುಗರದಿಂದ ಅತ್ತಿತ್ತ ನೋಡಿ, ಹೊಟ್ಟೆ ಅಡ್ಡ ಬಂದರೂ ಮಂಡಿಯ ಕೆಳಗಿನವರೆಗೆ ಕೈ ಒಯ್ಯುತ್ತಾರೆ. “ಡಾಕ್ಟರ್ ಹತ್ರ ಬಂದ ಹಾಗಾಯ್ತಲ್ರೀ. ನಾಲಿಗೆನೂ ಚಾಚಲಾ?”

“ಬೇಡಿ, ನಾಲಿಗೆ ಚೆನ್ನಾಗೇ ಓಡ್ತಾ ಇದೆ. ಗ್ಯಾರೇಜಲ್ಲಿ ಏನು ಕೆಲಸ ಮಾಡ್ತೀರಿ?”

“ಭಾನುವಾರ ವ್ಯಾಕ್ಯೂಮ್ ಹಾಕಿ ಕಾರು ಗುಡಿಸ್ತೀನಿ. ಆಗೊಮ್ಮೆ ಈಗೊಮ್ಮೆ ಡ್ರಿಲ್ಲು.”

“ಹಂಗಾದ್ರೆ ಬೇಡ. ಕೈಯಲ್ಲಿ ಸುತ್ತೋ ರೀಲೇ ಸಾಕು. ದುಡ್ಡು ಕೊಡೋದಾದ್ರೆ ವೈರಿನ ದಪ್ಪಕ್ಕೆ ಕೊಡಿ, ಬಿಸಿಯಾದ್ರೆ ತಾನೇ ಆರಿಹೋಗೋ ಸ್ವಿಚ್ಚಿಗೆ ಕೊಡಿ. ಆ ಸ್ವಿಚ್ಚಿದೆ ಅಂತ ವೈರು ಪೂರ್ತಿ ಎಳೆಯೋದು ಬಿಡಬೇಡಿ ಮತ್ತೆ. ದೀಪ ನೋಡಬೇಕು ಅಂದ್ರೆ ಮನೇಲಿ ಟೀವಿ ಇದೆಯಲ್ಲ.”

ಈ ತೋಳೆತ್ತಿಸುವ ಪದ್ಧತಿ ವೈರಕ್ಕನಲ್ಲಿ ಮೊದಲು ಇರಲಿಲ್ಲ. ಮೊದಲು ಯಾರೇ ಕೇಳಲಿ, ಬೇಡ ಎಂಬ ಒಂದೇ ಉತ್ತರ. ಅದನ್ನು ಹೇಳುವ ಧಾಟಿಗೆ ಜನ ನಗುತ್ತಿದ್ದರು, ದುಡ್ಡು ಉಳಿಸಿದಿರಿ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ತಮಗೆ ರುಚಿ ಹತ್ತಿತ್ತು ಎಂದು ಅವರೇ ಹೇಳುತ್ತಾರೆ.

ಹೋದ ವರ್ಷ ಚಳಿಗಾಲ ಶುರುವಾಗುವ ಮುಂಚೆ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದರು. ಅನ್ನ ಕಲಸುತ್ತ ಅಣ್ಣ ಮಾತು ತೆಗೆದರು.

“ಪುಟ್ಟಿ, ಆ ತಾನಾಗೇ ಸುತ್ಕೊಳ್ಳೋ ರೀಲು ಹೆಂಗೆ? ಯಾರೋ ಗಿರಾಕಿ ಕೇಳ್ತಿದ್ರು.”

“ಅಯ್ಯೋ, ಸೋಮಾರಿಗಳಿಗೆ ಮಾಡಿದ್ದು ಅದು. ದೇವರು ಕೈ ಕೊಟ್ಟಿಲ್ವಾ, ಸುತ್ಕೊಳ್ಳೋಕೆ ಹೇಳಣ್ಣ ಅವರಿಗೆ!”

“ಅಣ್ಣ ನಕ್ಕ. ನಾನೂ ನಕ್ಕೆ. ಅತ್ತಿಗೆ ಮಾತ್ರ ನಗಲಿಲ್ಲ, ಎದ್ದು ಮಜ್ಜಿಗೆ ತರೋಕೆ ಹೋದ್ರು. ಅಷ್ಟಕ್ಕಾದ್ರೂ ಅರ್ಥ ಆಗಬೇಕಿತ್ತು ನನಗೆ,” ಎನ್ನುತ್ತಾರೆ ವೈರಕ್ಕ.

ಕೇಳಿದ ಗಿರಾಕಿ ಅಣ್ಣನೇ. ಆ ಹೊತ್ತಿಗಾಗಲೇ ಅವರ ಬಲಭುಜ ಹಿಡಿದುಕೊಂಡಿತ್ತು. ಉದ್ದದ ವೈರನ್ನು ಎಳೆಯುವುದೂ ಕಷ್ಟ, ಕೆಲಸ ಮುಗಿದ ಮೇಲೆ ಹಿಡಿ ತಿರುಗಿಸಿ ಸುತ್ತುವುದು ಇನ್ನೂ ಕಷ್ಟ. ಹೇಳಿಕೊಳ್ಳಲು ಬಿಗುಮಾನ. ಜಗತ್ತಿಗೆಲ್ಲ ಪೂರ್ತಿ ಎಳೆಯಿರಿ ಎಂದು ಹೇಳುತ್ತಿದ್ದವರು ತಾವು ಮಾತ್ರ ಬೇಕಾದಷ್ಟೇ ಎಳೆದು ಉಳಿದದ್ದನ್ನು ಸುತ್ತಿದಂತೆಯೇ ಬಿಡತೊಡಗಿದರು. ಚಳಿ ಬಂದ ಮೇಲೆ ಒಂದು ದಿನ ಅದೇ ರೀಲಿಗೆ ಹೀಟರನ್ನೂ ಮರ ಹೆರೆಯುವ ಮೆಷಿನ್ನನ್ನೂ ಸಿಕ್ಕಿಸಿದರು. ರೀಲು ಒಳಗೊಳಗೇ ಬೆಂದು ಹೊಗೆಯಾಡಿತು. ಕೆಳಗೆಲ್ಲ ಮರದ ಹೊಟ್ಟು. ಅದಕ್ಕೆ ಬೆಂಕಿ ತಾಗೀತೆಂಬ ಭಯದಲ್ಲಿ ಅಣ್ಣ ಪ್ಲಗ್ಗು ಕಿತ್ತು, ರೀಲನ್ನು ಬಲಗೈಯಿಂದ ಬಾಚಿ ಅಂಗಳಕ್ಕೆ ಎಸೆದರು. ಕರಗಿದ ಪ್ಲಾಸ್ಟಿಕ್ಕು ಅಂಗೈಗೆ ಅಂಟಿತು. ಮನೆ ಉಳಿಯಿತು. ಕೈ ವಾಸಿಯಾದರೂ ಬೆರಳುಗಳನ್ನು ಮಡಿಸಲಾಗುವುದಿಲ್ಲ.

“ಆಸ್ಪತ್ರೇಲಿ ಅತ್ತಿಗೆ ಹೇಳಿದ್ರು. ಗಿರಾಕಿನೂ ಇಲ್ಲ ಎಂಥದೂ ಇಲ್ಲ ಕಣೇ, ಅವರಿಗೇ ಬೇಕಿತ್ತು ಅಂತ. ನಾನು ರೀಲು ನೋಡಿ ಉತ್ತರ ಕೊಟ್ಟೆ. ಮನುಷ್ಯನ್ನ ನೋಡಲಿಲ್ಲ.”

ಎದುರಿಗೆ ಕೂತವರ ಮುಖ ನೋಡದೆ ಮಾತಾಡಿದ ದಿನಗಳು ಎಲ್ಲ ಮನೆಗಳಲ್ಲಿಯೂ ಇರುತ್ತವೆ. ಕೂತ ಜಾಗ ಬರಿದಾದ ಮೇಲೆ ಅವು ಒಂದೊಂದಾಗಿ ನೆನಪಿಗೆ ಬರುತ್ತವೆ. ವೈರಕ್ಕನ ಅಣ್ಣ ಇನ್ನೂ ಇದ್ದಾರೆ, ಅದು ಭಗವಂತನ ದಯೆ. ಆದರೆ ಆ ದಿನದಿಂದ ಅವರು ಗ್ಯಾರೇಜಿನ ಬಾಗಿಲು ತೆಗೆದಿಲ್ಲ. ತಂಗಿಯ ಮೇಲೆ ಕೋಪವನ್ನೂ ಮಾಡಿಲ್ಲ. ಬಂದರೆ ಬಾಮ್ಮ, ಕೂತ್ಕೊಮ್ಮ ಎಂದು ಪರವೂರಿನ ನೆಂಟರನ್ನು ಮಾತಾಡಿಸಿದಂತೆ ಮಾತಾಡಿಸುತ್ತಾರೆ. ಪುಟ್ಟಿ ಎಂದು ಕರೆಯುವುದೇ ಇಲ್ಲ. ವೈರಕ್ಕನಿಗೆ ಅದು ಬೆಂಕಿಗಿಂತ ಸುಡುತ್ತದೆ.

ಬಿಸಿಲೇರುವ ಹೊತ್ತಿಗೆ ರೀಲನ್ನು ಚೀಲದಲ್ಲಿಟ್ಟುಕೊಂಡು ಹೊರಟ ವೈರಕ್ಕನ ಜೊತೆ, ಅವರನ್ನು ಮಾತಾಡಿಸಲು ಬಂದ ನಾವೂ ಅಣ್ಣನ ಮನೆಗೆ ಹೋಗುತ್ತೇವೆ. ಅತ್ತಿಗೆ ಬೀಗದ ಕೈ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಾರೆ.

“ಬಂದ್ಯಾ ತಾಯಿ. ನೀನು ಬರ್ತೀಯ ಅಂತ ನಿಮ್ಮಣ್ಣನಿಗೆ ನಿನ್ನೆನೇ ಹೇಳಿದೆ. ಅದಕ್ಕೇ ಬೆಳಿಗ್ಗೆಯಿಂದ ಒಂದೇ ಪೇಪರ್ ಓದ್ತಾ ಇದ್ದಾರೆ. ತಲೆಕೆಳಗಾಗಿ ಹಿಡ್ಕೊಂಡಿದಾರೋ ಏನೋ, ನಾನು ನೋಡಿಲ್ಲ.”

ಗ್ಯಾರೇಜಿನೊಳಗೆ ಹಳೆಯ ಮರದ ವಾಸನೆ. ಬೆಂಚಿನ ಮೇಲೆ ಧೂಳು ಕೂತಿದೆ. ಅರ್ಧ ಮಾಡಿದ ಕುರ್ಚಿಯೊಂದು ಮೂರು ಕಾಲಿನಲ್ಲಿ ಗೋಡೆಗೊರಗಿದೆ. ವೈರಕ್ಕ ಯಾರ ಮುಖವನ್ನೂ ನೋಡದೆ ಏಣಿ ಹತ್ತಿ, ಛಾವಣಿಯ ತೊಲೆಗೆ ರಂಧ್ರ ಕೊರೆದು, ಬೆಂಚಿನ ಬಲಬದಿಗೆ ನೇರವಾಗಿ ರೀಲನ್ನು ತೂಗಿಸುತ್ತಾರೆ. ಕೆಳಗಿಳಿದು ಎಳೆದು ನೋಡುತ್ತಾರೆ. ಕಟಕ್. ಇನ್ನಷ್ಟು ಎಳೆದು ಬಿಟ್ಟರೆ ಸರ್ರನೆ ಒಳಗೆ. ಸದ್ದಿಗೆ ಪತ್ರಿಕೆ ಮಡಿಸುವ ಶಬ್ದ ಕೇಳುತ್ತದೆ. ಅಣ್ಣ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಾರೆ.

ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಒಂದು ಕಾಲು ಒಳಗಿಡುತ್ತಾರೆ. ಆಮೇಲೆ ಇನ್ನೊಂದು. ಬೆಂಚಿನ ಮುಂದೆ ನಿಂತು ಮೇಲೆ ನೋಡಿ, ಎಡಗೈ ಚಾಚುತ್ತಾರೆ. ವೈರಿನ ತುದಿ ಸಿಗುವುದಿಲ್ಲ. ಮೈಯನ್ನೆಲ್ಲ ತಿರುಗಿಸಿ ಬೆಂಚಿನ ಮೇಲೆ ವಾಲಿದರೂ ಬೆರಳು ಮುಟ್ಟುವುದಿಲ್ಲ. ಬಲಗೈ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿದೆ.

“ಯಾವ ಕಡೆ ಹಾಕಿದೀಯ ಇದನ್ನ?”

ವೈರಕ್ಕನ ಮುಖ ಬಿಳಚಿಕೊಳ್ಳುತ್ತದೆ. “ಬಲಗಡೆ... ನೀನು ಯಾವಾಗ್ಲೂ ಬಲಗಡೆ...”

“ಕಣ್ಣೇನು ಅಂಗಡೀಲಿ ಬಿಟ್ಟು ಬಂದ್ಯಾ? ಈ ಕೈ ಇನ್ನು ಏಳುತ್ತಾ? ಊರಿನವರ ತೋಳೆಲ್ಲ ಎತ್ತಿಸಿ ನೋಡ್ತಾಳಂತೆ, ನನ್ನ ಕೇಳೋಕೆ ಬಾಯಿ ಇರಲಿಲ್ವಾ? ಎಷ್ಟು ಸಲ ಹೇಳಿಕೊಡಬೇಕು ಪುಟ್ಟಿ ನಿನಗೆ? ಹತ್ತು, ಹತ್ತು. ಬಿಚ್ಚಿ ಈ ಕಡೆ ಹಾಕು.”

“ಹಾಕ್ತೀನಣ್ಣ.”

“ನೋಡ್ತಾ ನಿಂತ್ರೆ ಅದು ತಾನಾಗೇ ಬರುತ್ತಾ? ಏಣಿ ಸರಿಯಾಗಿ ಇಡು ಮೊದಲು, ಬೀಳ್ತೀಯ.”

ಅಣ್ಣ ಎಡಗೈಯಿಂದ ಏಣಿಯನ್ನು ಅದುಮಿ ಹಿಡಿಯುತ್ತಾರೆ. ಅವರ ಎಡಗೈ ಮರ ಹೆರೆಯುವುದನ್ನು ಕಲಿಯುವುದೋ ಇಲ್ಲವೋ ಯಾರಿಗೂ ತಿಳಿಯದು. ವಯಸ್ಸಾಗಿದೆ. ಆ ಮೂರು ಕಾಲಿನ ಕುರ್ಚಿಗೆ ನಾಲ್ಕನೆಯದು ಬರದೆಯೂ ಹೋಗಬಹುದು. ಎಡಬದಿಯ ತೊಲೆಗೆ ಹೊಸ ರಂಧ್ರ ಬೀಳುವವರೆಗೂ ಅಣ್ಣ ಗೊಣಗುತ್ತಲೇ ಇರುತ್ತಾರೆ. ಸ್ಕ್ರೂ ಸೊಟ್ಟಗಿದೆ ಎಂದು, ಈ ಕಡೆಯ ತೊಲೆ ಸರಿಯಿಲ್ಲ ಎಂದು, ತಂಗಿಗೆ ಅವಸರ ಹೆಚ್ಚೆಂದು. ಕೆಲಸ ಮುಗಿಸಿ ಅಂಗಳಕ್ಕೆ ಬಂದು ಕೈ ತೊಳೆಯುವಾಗ ವೈರಕ್ಕನ ಕಣ್ಣು ತುಂಬಿರುತ್ತದೆ.

“ಬೈದ. ನೀವೂ ಕೇಳಿದ್ರಿ ಅಲ್ವಾ, ಎಷ್ಟು ಚೆನ್ನಾಗಿ ಬೈದ!” ಎನ್ನುತ್ತಾರೆ. ನೀರು ನಿಲ್ಲಿಸಿ, ಸೆರಗಿನಲ್ಲಿ ಬೆರಳು ಬೆರಳನ್ನೂ ಒರೆಸಿಕೊಳ್ಳುತ್ತಾರೆ. “ಆವತ್ತು ಊಟಕ್ಕೆ ಕೂತಾಗ, ನನಗೇ ಬೇಕು ಕಣೇ ಪೆದ್ದಿ ಅಂತ ಹಿಂಗೇ ಒಂದು ಬೈದಿದ್ರೆ, ಆ ಕೈ ಉಳೀತಿತ್ತು.”