ಹುಣಸೆಹಣ್ಣಿನಿಂದ ತಿಕ್ಕಿದ ಕೈ

ಇವತ್ತು ರೋಣದ ಸಂತೆಯಲ್ಲಿ ಹೆಸರುಕಾಯಿ ಮಾರುವವಳ ಕರಿ ಬೆರಳು ಕಂಡವು. ಕೊಳ್ಳದೆ ಬಂದುಬಿಟ್ಟೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಹೆಸರು ಬಿಡಿಸುವ ದಿನಗಳಲ್ಲಿ ನಮ್ಮೂರ ಶಾಲೆ ಅರ್ಧ ಖಾಲಿಯಾಗುತ್ತಿತ್ತು. ಬಲಿತ ಕಾಯಿ ಬಿಡಿಸಿದವರ ಬೆರಳು ಕರ್ರಗಾಗುತ್ತವೆ. ಅದಕ್ಕೇ ಮಾಸ್ತರರು ಹಾಜರಿಗಿಂತ ಮೊದಲು ಕೈ ನೋಡುತ್ತಿದ್ದರು. ಕರಿ ಕೈಗೆ ಛಡಿ ಏಟು.

ಆ ಸಲ ಗೆಳತಿ ಯಲ್ಲವ್ವನಿಗೆ ಶಾಲೆ ತಪ್ಪಿಸಿ ನಮ್ಮ ಹೊಲಕ್ಕೆ ಕರೆದೊಯ್ದವಳು ನಾನೇ. ಮರುದಿನ ಶಾಲೆಯ ಬೋರಿಂಗಿನ ಹತ್ತಿರ ಎಷ್ಟು ತೊಳೆದರೂ ಬೆರಳಿನ ಕರಿ ಹೋಗದೆ ನಾನು ಅಳುವಂತಾದಾಗ ಅವಳು ಹುಣಸೆಹಣ್ಣಿನ ಉಂಡೆಯೊಂದನ್ನು ಕೊಟ್ಟಳು.

"ಇದರ್ಲೆ ತಿಕ್ಕೊ, ಲಗೂ ಹೋಗತೈತಿ."

ಇಬ್ಬರಿಗೂ ಸಾಲುವಷ್ಟು ಇರಲಿಲ್ಲ. ಪೂರ್ತಿ ನಾನೇ ತಿಕ್ಕಿಕೊಂಡೆ.

ಮಾಸ್ತರರು ನನ್ನ ಅಂಗೈ ತಿರುಗಿಸಿ ನೋಡಿ, "ನಿನ್ನೆ ಯಾಕ ಬರಲಿಲ್ಲ?" ಎಂದರು.

"ಜ್ವರಾ ಬಂದಿದ್ವರಿ."

ಆಮೇಲೆ ಯಲ್ಲವ್ವನ ಕೈ ಹಿಡಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಆಕಿ ಹೆಸರ ಬಿಡಸಾಕ ಹೋಗಿದ್ಳರಿ."

"ಯಾರ ಹೊಲಕ್ಕ?" ಎಂದು ಮಾಸ್ತರರು ಅವಳನ್ನು ಕೇಳಿದರು. ಅವಳು ಹೇಳಲಿಲ್ಲ; ಛಡಿ ಏಟು ಬಿತ್ತು. ಮತ್ತೆ ಕೇಳಿದರು, ಮತ್ತೆ ಹೊಡೆದರು. ಅವಳು ನನ್ನ ಕಡೆ ನೋಡಲೂ ಇಲ್ಲ, ನೋಡಿದರೆ ಮಾಸ್ತರರಿಗೆ ಗೊತ್ತಾಗಿಬಿಡುತ್ತಿತ್ತು.

ಸಂಜೆ ದಾರಿಯಲ್ಲಿ ನನ್ನ ಬೆರಳು ಹಿಡಿದು ನೋಡಿ, "ಚಲೋ ಹೋಗೇತಿ ನೋಡವಾ" ಅಂದಳು. ಖುಷಿಯಿಂದಲೇ ಅಂದಳು. ಬಾತುಕೊಂಡ ಅವಳ ಅಂಗೈ ಇನ್ನೂ ಬಿಸಿಯಾಗಿತ್ತು.

ಈಗ ಮಗಳು ಕೇಳುತ್ತಿದ್ದಾಳೆ: "ಹೆಸರಕಾಯಿ ಯಾಕ ತರಲಿಲ್ಲಬೇ?"

"ಚಲೋ ಇರಲಿಲ್ಲ" ಎಂದೆ. ಸುಳ್ಳು ಇವತ್ತೂ ಅಷ್ಟೇ ಬೇಗ ಬಂತು.